ತಪ್ಪಿದ ಬಾಣ ಎಲ್ಲಿಗೆ ಹೋಗುತ್ತದೆ?

(ಧಾರವಾಡದಲ್ಲಿ ಒಂದು ಶನಿವಾರ ಸಂಜೆ ಗೆಳೆಯರ ಬಳಗದ ಮುಂದೆ ಆಡಿದ ಮಾತು. ಬರೆದುಕೊಳ್ಳುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಮೈಕು ಕೈಕೊಟ್ಟಿದ್ದು, ನಾನು ಎರಡು ಸಲ ಹೇಳಿದ್ದನ್ನೇ ಹೇಳಿದ್ದು, ಅವನ್ನು ಬಿಟ್ಟಿದ್ದೇನೆ.)

ನಮಸ್ಕಾರ. ಕರೆದವರು ‘ಬಿಲ್ಲುಗಾರಿಕೆ ಬಗ್ಗೆ ಮಾತಾಡ್ರಿ’ ಅಂದರು. ಮೊದಲೇ ಹೇಳಿಬಿಡುತ್ತೇನೆ, ನಾನು ಒಳ್ಳೆ ಬಿಲ್ಲುಗಾರ ಅಲ್ಲ. ಇಪ್ಪತ್ತು ಮೀಟರಿನಿಂದ ಆರು ಬಾಣ ಬಿಟ್ಟರೆ ಎರಡಾದರೂ ಹುಲ್ಲಿನೊಳಗೆ ಹೋಗುತ್ತವೆ. ಆದರೆ ನಮ್ಮ ಸಣ್ಣ ಕ್ಲಬ್ಬಿನ ವರ್ಷದ ಕೂಟವನ್ನು ಐದು ಸಲ ನಡೆಸಿದ್ದೇನೆ. ಅದಕ್ಕೆ ನಾವು ‘ಶೂಟ್’ ಅಂತೀವಿ. ಒಂದು ವರ್ಷ ಸಿನಿಮಾ ಶೂಟಿಂಗ್ ಇರಬೇಕು ಅಂತ ತಿಳಿದು ಪಕ್ಕದ ಊರಿನಿಂದ ಒಂದು ಟಂಟಂ ತುಂಬ ಹುಡುಗರು ಬಂದಿಳಿದರು. ‘ಹೀರೋ ಯಾರ್ರಿ?’ ಅಂತ ಕೇಳಿದರು. ನಮ್ಮ ಖಜಾಂಚಿಯನ್ನು ತೋರಿಸಿದೆ. ಹಾಗೇ ವಾಪಸ್ ಹೋದರು.

ಕನ್ನಡದಲ್ಲಿ ಹೇಳಿದರೂ ಸುಖವಿಲ್ಲ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ದಾರ ಕೇಳುತ್ತಾ ‘ಬಿಲ್ಲಿಗೆ ಬೇಕಾಗಿತ್ತು’ ಅಂದೆ. ‘ಬಿಲ್ಲಿಗೆ ಬೇಕಂದ್ರ ಜಿಎಸ್‌ಟಿ ಸೇರತೈತಿ ನೋಡ್ರಿ’ ಅಂದ.

ಇರಲಿ. ಇವತ್ತು ನಾನು ಹೇಳೋದೆಲ್ಲ ಒಂದು ಪ್ರಶ್ನೆಯ ಸುತ್ತ ಇದೆ. ಆ ಪ್ರಶ್ನೆ ನನ್ನದಲ್ಲ, ಹೊಲದ ಮಾಲೀಕರದು. ಅವರನ್ನು ನಾವು ಕಾಕಾ ಅಂತ ಕರೆಯುತ್ತೇವೆ. ಧಾರವಾಡದ ಪಶ್ಚಿಮಕ್ಕೆ, ಕಪ್ಪು ಮಣ್ಣಿನ ಎರಿ ಭೂಮಿ ಮುಗಿದು ಕೆಂಪು ಮಣ್ಣು ಶುರುವಾಗುವಲ್ಲಿ ಅವರದೊಂದು ಹುಲ್ಲಿನ ಹೊಲ ಇದೆ. ನಾಲ್ಕು ಎಮ್ಮೆ ಸಾಕಿದ್ದಾರೆ. ಒಂದು ದಿನದ ಮಟ್ಟಿಗೆ ಜಾಗ ಕೊಡ್ರಿ ಅಂತ ಕೇಳಲು ಹೋದಾಗ ಅವರು ಬಾಡಿಗೆ ವಿಷಯವನ್ನೇ ಎತ್ತಲಿಲ್ಲ.

‘ನಿಮ್ಮ ಬಾಣ ನನ್ನ ಎಮ್ಮಿಗೆ ಬಡದ್ರ?’

‘ಬಡಿಯಂಗಿಲ್ರಿ ಕಾಕಾ.’

‘ನೀವು ಹೇಳಾಕತ್ತೀರಿ ಬಡಿಯಂಗಿಲ್ಲ ಅಂತ. ಬಾಣಕ್ಕ ಹೇಳೀರೇನು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಯೋಚಿಸಿದೆ. ಅಲ್ಲಿಯವರೆಗೆ ನಾವು ತಲೆ ಕೆಡಿಸಿಕೊಂಡಿದ್ದೆಲ್ಲ ಗುರಿಗೆ ತಗಲುವ ಬಾಣದ ಬಗ್ಗೆ. ಎಷ್ಟು ಅಂಕ, ಯಾವ ಬಣ್ಣ, ಯಾರಿಗೆ ಬಹುಮಾನ. ತಗಲಿದ ಬಾಣದಿಂದ ಯಾರಿಗೂ ತೊಂದರೆಯಿಲ್ಲ. ಅದು ಗುರಿಯಲ್ಲಿ ಸುಮ್ನೆ ನಿಂತಿರುತ್ತದೆ. ಶೂಟ್ ನಡೆಸುವವನ ಕೆಲಸ ಪೂರ್ತಿ ಇರೋದು ತಪ್ಪಿದ ಬಾಣದ ಹಿಂದೆ.

ಸಾಂಪ್ರದಾಯಿಕ ಬಿಲ್ಲಿನಲ್ಲಿ ಬಾಣ ತಪ್ಪೋದು ಜಾಸ್ತಿ. ಒಲಿಂಪಿಕ್ಸ್‌ನಲ್ಲಿ ನೋಡಿರುತ್ತೀರಿ. 70 ಮೀಟರ್ ದೂರದಲ್ಲಿ 122 ಸೆಂಟಿಮೀಟರ್ ಅಗಲದ ಗುರಿ. ನಡುವಿನ ಹತ್ತರ ಉಂಗುರ ಬರೀ 12.2 ಸೆಂಟಿಮೀಟರ್. ಅವರ ಬಿಲ್ಲಿಗೆ ಗುರಿ ಹಿಡಿಯಲು ಸೈಟ್ ಇರುತ್ತದೆ, ಅಲುಗದಂತೆ ಮುಂದೆ ಉದ್ದನೆಯ ಸ್ಟೆಬಿಲೈಸರ್ ಇರುತ್ತದೆ, ಎಷ್ಟು ಎಳೆದಿದ್ದೇವೆ ಅಂತ ಟಿಕ್ ಅಂದು ಹೇಳುವ ಕ್ಲಿಕ್ಕರ್ ಇರುತ್ತದೆ. ನಮ್ಮ ಶೂಟಿನಲ್ಲಿ ಇವು ಯಾವುವೂ ಇಲ್ಲ. ಒಂದು ಬಿದಿರಿನ ಅಥವಾ ಮರದ ಬಿಲ್ಲು, ಒಂದು ಹೆದೆ, ಗರಿ ಕಟ್ಟಿದ ಕಟ್ಟಿಗೆಯ ಬಾಣ, ಮತ್ತು ನಿಮ್ಮ ಕಣ್ಣು. ಭಾರತದ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಅಂತಲೇ ಒಂದು ವಿಭಾಗ ಇದೆ. ಬಿದಿರಿನ ಬಿಲ್ಲಿನವರದು. ಅವರು 50 ಮತ್ತು 30 ಮೀಟರಿನಿಂದ ಹೊಡೆಯುತ್ತಾರೆ. ನಾವು ಅಷ್ಟು ದೂರ ಹೋಗೋದಿಲ್ಲ. ನಮ್ಮಲ್ಲಿ ಹೆಚ್ಚಿನವರು ವಾರಕ್ಕೊಮ್ಮೆ ಬಿಲ್ಲು ಮುಟ್ಟುವವರು. ಬ್ಯಾಂಕಿನವರು, ಮಾಸ್ತರರು, ಗಡಿಯಾರ ರಿಪೇರಿಯವರೊಬ್ಬರು. ಊಟದ ಹೊತ್ತಿನಲ್ಲಿ ಎಲ್ಲರೂ ಅರ್ಜುನರೇ. ಗೆರೆ ಮೇಲೆ ನಿಂತಾಗ ಉತ್ತರನ ಪೌರುಷ ಒಲೆ ಮುಂದೆ ಅನ್ನೋದು ಗೊತ್ತಾಗುತ್ತದೆ. ನಾನೂ ಸೇರಿ.

ಮೊದಲು ಜಾಗದ ವಿಷಯ. ಮೊದಲ ವರ್ಷ ನಾವು ಒಂದು ಕೆರೆಯ ಏರಿ ನೋಡಿ ಖುಷಿಪಟ್ಟಿದ್ದೆವು. ಎತ್ತರದ ಮಣ್ಣಿನ ಗೋಡೆ, ಬಾಣ ತಡೆಯಲು ಅದಕ್ಕಿಂತ ಏನು ಬೇಕು? ಗುರಿಗಳನ್ನೂ ನಿಲ್ಲಿಸಿದೆವು. ಆಗ ಏರಿಯ ಮೇಲಿಂದ ಒಬ್ಬ ಅಜ್ಜ ಕೊಡೆ ಹಿಡಿದುಕೊಂಡು ಹಾದುಹೋದರು. ಅವರ ಹಿಂದೆ ಎರಡು ಮೇಕೆ. ಆಮೇಲೆ ಶಾಲೆ ಹುಡುಗಿಯರು ಸೈಕಲ್ ಮೇಲೆ. ಏರಿ ಅಂದರೆ ನಮ್ಮ ಕಡೆ ಮಣ್ಣಿನ ಗೋಡೆಯಲ್ಲ, ರಸ್ತೆ. ಒಂದೂ ಬಾಣ ಬಿಡದೆ ಗಂಟುಮೂಟೆ ಕಟ್ಟಿದೆವು. ಆ ದಿನ ನಾನು ಕಲಿತದ್ದು ಇಷ್ಟೇ: ಗುರಿಯ ಹಿಂದೆ ಆಕಾಶ ಕಾಣುತ್ತಿದ್ದರೆ ಅಲ್ಲಿ ಬಾಣ ಬಿಡಬಾರದು. ದಿಬ್ಬದ ಆಚೆ ಯಾರಿದ್ದಾರೆ ಅಂತ ಬಾಣಕ್ಕೆ ಗೊತ್ತಿರೋದಿಲ್ಲ.

ಕಾಕಾ ಹೊಲದ ಉತ್ತರ ತುದಿಯಲ್ಲಿ ಯಾವ ಕಾಲದಲ್ಲೋ ಗರಸು, ಅಂದರೆ ಕಲ್ಲು ಬೆರೆತ ಮಣ್ಣು, ತೆಗೆದ ತಗ್ಗು ಇದೆ. ಅದರ ಗೋಡೆ ಎರಡಾಳೆತ್ತರ. ಆ ಕಡೆ ದಾರಿ ಇಲ್ಲ, ಮನೆ ಇಲ್ಲ, ಮುಳ್ಳುಕಂಟಿ ಮಾತ್ರ. ಗುರಿಗಳನ್ನು ಅದರ ಮುಂದೆ ಇಟ್ಟೆವು. ದಿಕ್ಕೂ ಸರಿ ಸಿಕ್ಕಿತು. ನಮ್ಮ ಈ ಅರ್ಧಗೋಳದಲ್ಲಿ ಬಿಲ್ಲುಗಾರಿಕೆಯ ಮೈದಾನವನ್ನು ಉತ್ತರಕ್ಕೆ ಮುಖ ಮಾಡಿಯೇ ಹಾಕೋದು. ಬೆಳಿಗ್ಗೆಯಾಗಲಿ ಸಂಜೆಯಾಗಲಿ ಬಿಸಿಲು ನೇರ ಕಣ್ಣಿಗೆ ಹೊಡೆಯೋದಿಲ್ಲ. ಕಣ್ಣು ಕುಕ್ಕಿದವನ ಬಾಣ ಎಲ್ಲಿಗಾದರೂ ಹೋಗಬಹುದು, ಅಲ್ವಾ?

ಗರಸಿನ ಗೋಡೆಯಲ್ಲಿ ಒಂದು ತೊಂದರೆ ಇತ್ತು. ಅದರೊಳಗೆ ಕಲ್ಲು. ಬಾಣ ಬಡಿದರೆ ಮೊನೆ ಮುರಿಯುತ್ತದೆ ಇಲ್ಲವೇ ಪುಟಿದು ವಾಪಸ್ ಬರುತ್ತದೆ. ಹೀಗಾಗಿ ಮುಂದೆ ಹಳೆ ಜಮಖಾನಗಳನ್ನು ತೂಗುಹಾಕುತ್ತೇವೆ. ಹೆಸರಾದ ನವಲಗುಂದದ ಜಮಖಾನ ಅಲ್ಲ, ಹೆದರಬೇಡಿ. ಮದುವೆ ಮಂಟಪದವರು ಬಿಸಾಡಿದ್ದು. ಅದನ್ನು ಹಾಕುವ ರೀತಿ ಇದೆ. ಕೆಳಗೆ ಗೂಟ ಹೊಡೆದು ಡೋಲಿನ ಚರ್ಮದಂತೆ ಬಿಗಿಯಾಗಿ ಕಟ್ಟಿದರೆ ಬಾಣ ತೂರಿಕೊಂಡು ಹೋಗುತ್ತದೆ. ಮೇಲೆ ಮಾತ್ರ ಕಟ್ಟಿ ಕೆಳಗೆ ಸಡಿಲ ಬಿಟ್ಟರೆ ಬಟ್ಟೆ ಹಿಂದಕ್ಕೆ ಸರಿದು ಬಾಣದ ವೇಗವನ್ನು ತಿಂದುಬಿಡುತ್ತದೆ. ಬಾಣ ಅದರ ಬುಡದಲ್ಲಿ ಮೆಲ್ಲಗೆ ಬಿದ್ದಿರುತ್ತದೆ. ಮಗ್ಗದವರ ಮನೆಯ ಸದಸ್ಯರೊಬ್ಬರು ಇದನ್ನು ನೋಡಿ, ‘ಬಿಗಿ ಹಿಡದ್ರ ಹರೀತೈತಿ, ಸಡ್ಲ ಬಿಟ್ರ ತಡೀತೈತಿ’ ಅಂದರು. ಅವರ ಹೆಂಡತಿ ಪಕ್ಕದಲ್ಲೇ ಇದ್ದರು. ಏನೂ ಅನ್ನಲಿಲ್ಲ.

ಗದಗಿನ ಗೆಳೆಯರೊಬ್ಬರು, ‘ಇಷ್ಟೆಲ್ಲ ಯಾಕ, ಕಪ್ಪತಗುಡ್ಡಕ್ಕ ಬರ್ರಿ, ಗುಡ್ಡನ ಗ್ವಾಡಿ’ ಅಂದರು. ಆಸೆ ಆಯಿತು, ಸುಳ್ಳು ಹೇಳೋದಿಲ್ಲ. ಆದರೆ ಅಲ್ಲಿ ಎರಡು ತೊಡಕು. ಒಂದು ಗಾಳಿ. ಆ ಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಇನ್ನೊಂದು ಕಾನೂನು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಆಯುಧ’ ಅಂದರೆ ಬಂದೂಕು ಮಾತ್ರವಲ್ಲ, ಬಿಲ್ಲು ಬಾಣವೂ ಅದರಲ್ಲಿ ಸೇರಿದೆ. ಬರೆದುಕೊಟ್ಟ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗಧಾಮಕ್ಕೂ ಇದೇ ಮಾತು. ಕಾರಿನ ಡಿಕ್ಕಿಯಲ್ಲಿ ಬಿಲ್ಲಿಟ್ಟುಕೊಂಡು ಹಾಗೇ ಒಂದು ಸುತ್ತು ಹೋಗಿಬರೋಣ ಅನ್ನುವವರಿಗೆ ನಾನು ಇದನ್ನು ಎರಡೆರಡು ಸಲ ಹೇಳುತ್ತೇನೆ. ನಮ್ಮ ಶೂಟಿಗೆ ಮುಂಚೆ ಹತ್ತಿರದ ಪೊಲೀಸ್ ಠಾಣೆಗೂ ಗ್ರಾಮ ಪಂಚಾಯಿತಿಗೂ ಒಂದು ಪತ್ರ ಕೊಡುತ್ತೇವೆ. ಅಷ್ಟು ಸಾಕು, ಮುಂದೆ ಹೋಗೋಣ.

ದಿನದ ವಿಷಯ. ಮೊದಲು ದಸರಾ ಆದ ಮೇಲಿನ ಭಾನುವಾರ ಅಂತ ಇಟ್ಟುಕೊಂಡಿದ್ದೆವು. ಕಾರಣ ನಿಮಗೇ ಗೊತ್ತು. ಅಜ್ಞಾತವಾಸಕ್ಕೆ ಹೋಗುವಾಗ ಪಾಂಡವರು ಬಿಲ್ಲು ಬಾಣ ಬಚ್ಚಿಟ್ಟಿದ್ದು ಬನ್ನಿ ಮರದ ಮೇಲೆ. ಹಾವೇರಿ ಜಿಲ್ಲೆಯ ಹಾನಗಲ್ಲಿನವರು ವಿರಾಟನಗರ ನಮ್ಮೂರೇ ಅನ್ನುತ್ತಾರೆ. ಹಾಗಿದ್ದರೆ ಆ ಮರವೂ ಅಲ್ಲೇ ಸುತ್ತಮುತ್ತ ಇರಬೇಕಲ್ಲ. ಖಂಡೆ ಪೂಜೆಯ ದಿನ ಬಿಲ್ಲಿನ ಹೆದೆ ಇಳಿಸಿ ಪೂಜೆ ಮಾಡಿ, ಮರುದಿನ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಅಂದು, ಭಾನುವಾರ ಶೂಟ್. ಕೇಳಲು ಎಷ್ಟು ಚೆಂದ! ಆದರೆ ಅಕ್ಟೋಬರಿನ ಮಳೆಗೆ ಪುರಾಣ ಗೊತ್ತಿಲ್ಲ. ಆ ವರ್ಷ ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಒಂದು ಗಂಟೆ ಸುರಿಯಿತು. ನಮ್ಮ ಬಾಣಗಳ ಗರಿ ನಿಜವಾದ ಹಕ್ಕಿ ಗರಿ. ಪ್ಲಾಸ್ಟಿಕ್ ರೆಕ್ಕೆಯ ಬಾಣವನ್ನು ಕೈ ಮೇಲಿಂದಲೇ ಬಿಟ್ಟರೆ ಅದು ಬಿಲ್ಲಿನ ಹಿಡಿಗೆ ತಾಗಿ ದಿಕ್ಕು ತಪ್ಪುತ್ತದೆ. ಗರಿಯಾದರೆ ತಾಗಿದ ಕೂಡಲೇ ಮಡಚಿ ಮತ್ತೆ ಎದ್ದು ನಿಲ್ಲುತ್ತದೆ. ಆದರೆ ನೆನೆದ ಗರಿ ಕೋಳಿ ಮಳೆಯಲ್ಲಿ ನಿಂತಂತೆ ಅಂಟಿಕೊಳ್ಳುತ್ತದೆ, ಬಾಣ ಬಾಲ ಇಲ್ಲದ ಗಾಳಿಪಟ. ಅವತ್ತಿನಿಂದ ಪೂಜೆ ದಸರಾಕ್ಕೆ, ಶೂಟ್ ಸಂಕ್ರಾಂತಿ ಆದ ಮೇಲೆ. ಆಗ ಹುಲ್ಲು ಕೊಯ್ದು ಬಣವಿ ಸೇರಿರುತ್ತದೆ. ಬಿದ್ದ ಬಾಣ ಕಾಣುತ್ತದೆ.

ಗುರಿ ಕಟ್ಟೋದು ಒಂದು ಕಲೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಯಾಕೆಂದರೆ ಅಂಗಡಿಯಲ್ಲಿ ಸಿಗುವ ಫೋಮ್ ಗುರಿಗೆ ನಮ್ಮಲ್ಲಿ ದುಡ್ಡಿಲ್ಲ. ಧಾರವಾಡದವರು ನಾವು, ಮೊದಲು ಕೈಗೆ ಸಿಕ್ಕಿದ್ದು ಜೋಳದ ಕಣಿಕಿ. ಸಿವುಡುಗಳನ್ನು ಒತ್ತೊತ್ತಾಗಿ ಕಟ್ಟಿ ನಿಲ್ಲಿಸಿದೆವು. ಕಣಿಕಿಯ ಒಳಗೆ ಮೆತ್ತಗಿನ ತಿರುಳು, ಹೊರಗೆ ನುಣ್ಣನೆಯ ಗಟ್ಟಿ ಸಿಪ್ಪೆ. ಸಿಪ್ಪೆಗೆ ಓರೆಯಾಗಿ ತಾಗಿದ ಬಾಣ ಜಾರಿ ಪಕ್ಕಕ್ಕೆ ಹೋಯಿತು. ಎರಡು ದಂಟಿನ ಸಂದಿಗೆ ಹೋದದ್ದು ಗರಿ ಸಮೇತ ಆಚೆ ಬಂತು. ಎಮ್ಮೆಗೆ ಬಲು ಇಷ್ಟವಾದ ಗುರಿ ಅದು, ನಮಗಲ್ಲ.

ಆಮೇಲೆ ಕಲಘಟಗಿ ಕಡೆಯಿಂದ ಭತ್ತದ ಹುಲ್ಲು ತರಿಸಿದೆವು. ಹಗ್ಗ ಹಾಕಿ, ಇಬ್ಬರು ಮೇಲೆ ಹತ್ತಿ ತುಳಿದು ಬಿಗಿದ ಪೆಂಡಿ. ಶಿಲ್ಲಾಂಗ್‌ನಲ್ಲಿ ಖಾಸಿ ಬಿಲ್ಲುಗಾರರ ‘ತೀರ್’ ಆಟ ಕೇಳಿದ್ದೀರಾ? ಅಲ್ಲಿ ಗುರಿ ಅಂದರೆ ಹುಲ್ಲಿನ ಒಂದು ಉರುಟು ಪೆಂಡಿ ಅಷ್ಟೇ. ಎಲ್ಲರೂ ಸೇರಿ ನೂರಾರು ಬಾಣ ಬಿಡುತ್ತಾರೆ. ತಗಲಿದ ಬಾಣಗಳನ್ನು ಎಣಿಸಿ, ಆ ಸಂಖ್ಯೆಯ ಕೊನೆಯ ಎರಡು ಅಂಕಿಗಳ ಮೇಲೆ ಜನ ಪಣ ಕಟ್ಟುತ್ತಾರೆ. ಮೇಘಾಲಯದಲ್ಲಿ ಅದು ಕಾನೂನಿನ ಪ್ರಕಾರವೇ ನಡೆಯುವ ಲಾಟರಿ. ನಾವು ಪೆಂಡಿ ಕಟ್ಟೋದನ್ನು ಮಾತ್ರ ತೆಗೆದುಕೊಂಡೆವು. ಪಣ ಬೇಡ ಅಂದೆವು. ಓಸಿ ಜೂಜಾಡಿ ಹೊಲ ಕಳೆದುಕೊಂಡವರ ಕಥೆ ನಮ್ಮ ಕಡೆ ಬೇಕಾದಷ್ಟಿವೆ.

ಈಗ ಅರ್ಧ ಗುರಿ ಹುಲ್ಲಿನ ಪೆಂಡಿ, ಅರ್ಧ ಚಿಂದಿ ತುಂಬಿದ ಗೋಣಿಚೀಲ. ದರ್ಜಿ ಅಂಗಡಿಗಳಿಂದ ಕತ್ತರಿಸಿ ಉಳಿದ ಬಟ್ಟೆ ತರುತ್ತೇವೆ. ಅದನ್ನು ಕೋಲಿನಿಂದ ಕುಟ್ಟಿ ಕುಟ್ಟಿ ತುಂಬಬೇಕು. ಚೀಲ ಮೊಣಕೈಯಿಂದ ಗುದ್ದಿದರೆ ಗೋಡೆಯಂತಿರಬೇಕು. ಒಂದು ವರ್ಷ ಮನೆಮನೆಯ ಹಳೆ ಬಟ್ಟೆಯನ್ನೂ ತುಂಬಿದೆವು. ಎರಡನೇ ಸುತ್ತಿನಲ್ಲಿ ಒಂದು ಬಾಣ ಟಣ್ ಅಂದು ವಾಪಸ್ ಚಿಮ್ಮಿ ಬಿಟ್ಟವನ ಕಾಲಿನ ಹತ್ತಿರ ಬಂದು ಬಿತ್ತು. ಚೀಲ ಬಿಚ್ಚಿ ನೋಡಿದರೆ ಯಾರದೋ ಜೀನ್ಸ್ ಪ್ಯಾಂಟಿನ ಹಿತ್ತಾಳೆ ಗುಂಡಿ. ನಡುವೆ ಸಣ್ಣ ತಗ್ಗು ಬಿದ್ದಿತ್ತು. ಆ ಗುಂಡಿ ನನ್ನ ಟೇಬಲ್ ಮೇಲೆ ಇನ್ನೂ ಇದೆ. ಈಗ ಶೂಟಿಗೆ ಎರಡು ವಾರ ಮುಂಚೆ ಸದಸ್ಯರೆಲ್ಲ ಸುತ್ತ ಕೂತು ಗುಂಡಿ, ಜಿಪ್, ಹುಕ್ಕು ಕತ್ತರಿಸುತ್ತೇವೆ. ಶ್ರಾವಣದಲ್ಲಿ ಹೆಂಗಸರು ಹೂ ಕಟ್ಟುತ್ತಾ ಕೂತಂತೆ ಕಾಣುತ್ತದೆ. ಊರ ಸುದ್ದಿಯೆಲ್ಲ ಅಲ್ಲೇ.

ಯಾವ ಬಿಲ್ಲಿಗೆ ಪ್ರವೇಶ, ಯಾವುದಕ್ಕೆ ಇಲ್ಲ ಅನ್ನೋದರಲ್ಲಿ ಪ್ರತಿ ವರ್ಷ ಜಗಳ. ನಮ್ಮ ನಿಯಮ ಸರಳ: ಈಗಿನ ಕಾಂಪೌಂಡ್ ಬಿಲ್ಲಿನಂತೆ ತುದಿಗೆ ಚಕ್ರ ಇರಬಾರದು, ಸೈಟ್ ಇರಬಾರದು, ಬಾಣ ಕಟ್ಟಿಗೆಯದೋ ಬಿದಿರಿನದೋ ಆಗಿರಬೇಕು. ಅಗಲ ಅಲಗಿನ ಬೇಟೆಯ ಮೊನೆ ಅಂತೂ ಗೇಟಿನೊಳಗೇ ಬರುವಂತಿಲ್ಲ. ಹೆದೆಯನ್ನು ಮೂರು ಬೆರಳಿನಿಂದ ಎಳೆಯಿರಿ ಅಥವಾ ಮಂಗೋಲಿಯಾ, ಟರ್ಕಿ, ಜಪಾನಿನವರಂತೆ ಹೆಬ್ಬೆರಳಿನಿಂದ ಎಳೆಯಿರಿ, ಅದು ನಿಮ್ಮಿಷ್ಟ. ಒಬ್ಬ ಹುಡುಗ ಕೇಳಿದ: ‘ಸರ, ಮೂರು ಬೆರಳಿಂದ ಎಳದ್ರ ಹೆಬ್ಬಟ್ಟು ಬೇಕಾಗೂದ ಇಲ್ಲ. ಮತ್ತ ದ್ರೋಣಾಚಾರ್ಯ ಏಕಲವ್ಯನ್ನ ಹೆಬ್ಬಟ್ಟು ಯಾಕ ಕೇಳಿದ?’ ಎಂಥ ಪ್ರಶ್ನೆ ನೋಡಿ. ಹೆಬ್ಬೆರಳಿನಿಂದಲೇ ಹೆದೆ ಎಳೆಯುವ ಕಾಲ ಅದು ಅಂತ ತಿಳಿದರೆ ಮಾತ್ರ ಆ ದಕ್ಷಿಣೆ ಎಷ್ಟು ಕ್ರೂರ ಅಂತ ಅರ್ಥವಾಗುತ್ತದೆ. ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟನ್ನೇ. ಆಮೇಲೆ ಅವನು ಒಂದು ವಾರ ಹೆಬ್ಬೆರಳಿನಿಂದ ಎಳೆದು, ಗುಳ್ಳೆ ಎಬ್ಬಿಸಿಕೊಂಡು ಬಂದ.

ಬಿದಿರಿನ ಬಗ್ಗೆ ನನಗೆ ಕಲಿಸಿದವರು ಹುಬ್ಬಳ್ಳಿಯ ಮೇದಾರ ಓಣಿಯ ಒಬ್ಬ ಹಿರಿಯರು. ಅವರು ಜೀವನದಲ್ಲಿ ಬಿಲ್ಲು ಮಾಡಿದವರಲ್ಲ. ಬುಟ್ಟಿ, ಮೊರ, ಏಣಿ ಅಷ್ಟೇ. ನಾನು ಮಾಡಿಕೊಂಡು ಹೋಗಿದ್ದ ಬಿಲ್ಲನ್ನು ಕೈಯಲ್ಲಿ ಹಿಡಿದು, ಹೊರಮೈ ಮೇಲೆ ಹೆಬ್ಬೆರಳು ಎಳೆದು, ‘ಇದನ್ನ ಯಾಕ ಕೆರದ್ರಿ?’ ಅಂದರು. ನುಣುಪಾಗಲಿ ಅಂತ ಮೇಲಿನ ಹಸಿರು ಸಿಪ್ಪೆಯನ್ನು ಉಜ್ಜಿ ತೆಗೆದಿದ್ದೆ. ‘ಬಿದಿರಿನ ಜೀವ ಸಿಪ್ಪಿಯೊಳಗ ಐತ್ರಿ. ಒಳಗಿಂದ ಎಷ್ಟರ ತಗೀರಿ, ಹೊರಗ ಕೈ ಹಚ್ಚಬ್ಯಾಡ್ರಿ.’ ಬಿಲ್ಲು ಬಗ್ಗಿದಾಗ ಗುರಿಯ ಕಡೆಗಿರುವ ಮೈ ಎಳೆತಕ್ಕೆ ಸಿಗುತ್ತದೆ, ನಮ್ಮ ಕಡೆಗಿರುವ ಮೈ ಒತ್ತಡಕ್ಕೆ. ಎಳೆತ ತಡೆಯುವ ನಾರು ಬಿದಿರಿನ ಹೊರಮೈಯಲ್ಲೇ ದಟ್ಟ. ಅದನ್ನೇ ನಾನು ಕೆರೆದು ಹಾಕಿದ್ದೆ. ಹತ್ತು ದಿನದಲ್ಲಿ ಆ ಬಿಲ್ಲು ಅಲ್ಲೇ ಸೀಳಿತು.

ಅದಕ್ಕೇ ಶೂಟಿನ ಬೆಳಿಗ್ಗೆ ಮೊದಲ ಕೆಲಸ ಒಂದು ಟೇಬಲ್. ಪ್ರತಿ ಬಿಲ್ಲನ್ನೂ ನೋಡುತ್ತೇವೆ. ಸೀಳಿದೆಯಾ, ಹೆದೆ ಎಳೆ ಬಿಟ್ಟಿದೆಯಾ, ನೋಡಿ ಒಳಗೆ ಬಿಡೋದು. ಬಾಣವನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಬೇಕು. ಒಳಗೆ ಬಿರುಕಿದ್ದರೆ ಟಿಕ್ ಅಂತ ಸಣ್ಣ ಸದ್ದು ಬರುತ್ತದೆ. ಆ ಬಾಣ ಬುಟ್ಟಿಗೆ. ಬಿರುಕಿದ ಬಾಣ ಬಿಲ್ಲಿನಲ್ಲೇ ಒಡೆದರೆ ಚೂರು ಹೋಗೋದು ಬಿಲ್ಲು ಹಿಡಿದ ಕೈಯೊಳಗೆ. ಬಾಣ ಹೂಡದೆ ಬರಿ ಹೆದೆ ಎಳೆದು ಬಿಡುವ ಹುಡುಗರ ಮೇಲೂ ಒಂದು ಕಣ್ಣಿರಬೇಕು. ಬಾಣಕ್ಕೆ ಹೋಗಬೇಕಿದ್ದ ಶಕ್ತಿಯೆಲ್ಲ ಬಿಲ್ಲಿಗೇ ತಿರುಗುತ್ತದೆ. ಒಳ್ಳೆ ಬಿಲ್ಲು ಒಂದೇ ಸಲಕ್ಕೆ ಹೋಗಬಹುದು.

ಕೊನೆಗೆ ಪ್ರತಿ ಬಾಣದ ಮೇಲೂ ಹೆಸರಿನ ಮೊದಲ ಅಕ್ಷರ ಮತ್ತು ಒಂದು ನಂಬರ್ ಬರೆಸುತ್ತೇವೆ. ಒಳಗೆ ಹೋಗುವಾಗ ಎಣಿಸಿ ಬರೆದುಕೊಳ್ಳೋದು. ಇದು ಕಾಕಾ ಹಾಕಿದ ಷರತ್ತು. ‘ಹುಲ್ಲಿನ್ಯಾಗ ಒಂದ ಮೊನಿ ಉಳದ್ರೂ ಎಮ್ಮಿ ಹೊಟ್ಟಿಗೆ ಹೋಗತೈತಿ.’ ಕಾರ್ಬನ್ ಬಾಣ ಬೇಡ ಅಂದದ್ದೂ ಅದಕ್ಕೇ. ಅದು ಮುರಿದರೆ ಸೂಜಿಯಂಥ ಎಳೆ ಎಳೆಯಾಗಿ ಉದುರುತ್ತದೆ. ಮೇವಿನಲ್ಲಿ ಅದನ್ನು ಹೆಕ್ಕೋದು ಯಾರಿಂದಲೂ ಆಗೋದಿಲ್ಲ.

ಇನ್ನು ಸೀಟಿ. ಎರಡು ಸೀಟಿ ಊದಿದರೆ ಗೆರೆಗೆ ಬನ್ನಿ. ಒಂದು ಊದಿದರೆ ಬಾಣ ಬಿಡಬಹುದು. ಮೂರು ಊದಿದರೆ ಹೋಗಿ ಬಾಣ ತನ್ನಿ. ಐದು ಅಥವಾ ಜಾಸ್ತಿ ಊದಿದರೆ ಏನೇ ಇದ್ದರೂ ನಿಲ್ಲಿಸಿ. ಇದು ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೂ ಇರುವ ಪದ್ಧತಿ. ಸೀಟಿ ಹಿಡಿದವನು ಆ ದಿನ ಬಿಲ್ಲು ಮುಟ್ಟುವಂತಿಲ್ಲ. ಐದು ವರ್ಷದಿಂದ ಸೀಟಿ ನನ್ನ ಕೈಯಲ್ಲಿದೆ. ನನ್ನ ಗುರಿ ಯಾಕೆ ಸುಧಾರಿಸಿಲ್ಲ ಅಂತ ಕೇಳಿದವರಿಗೆ ಇದೇ ಉತ್ತರ ಕೊಡುತ್ತೇನೆ.

ಐದು ಸೀಟಿಯನ್ನು ನಾನು ನಿಜವಾಗಿ ಊದಿದ್ದು ಒಂದೇ ಸಲ. ಎಂಟು ಜನ ಗೆರೆ ಮೇಲೆ ಇದ್ದರು, ನಾಲ್ಕು ಬಿಲ್ಲು ಪೂರ್ತಿ ಎಳೆದಿತ್ತು. ಗುರಿಯ ಬಲಗಡೆ ಕಂಟಿಯೊಳಗಿಂದ ಗುಲಾಬಿ ಬಣ್ಣದ ಉದ್ದನೆ ಗೌನ್ ಹಾಕಿದ ಹುಡುಗಿಯೊಬ್ಬಳು ಹೊರಗೆ ಬಂದಳು. ಹಿಂದೆ ಸೂಟು ಹಾಕಿದ ಹುಡುಗ. ಅವನ ಹಿಂದೆ ಕ್ಯಾಮೆರಾದವನು. ಪ್ರೀ-ವೆಡ್ಡಿಂಗ್ ಶೂಟ್! ಅವರೂ ಶೂಟ್, ನಾವೂ ಶೂಟ್. ಐದು ಅಲ್ಲ, ಉಸಿರು ಮುಗಿಯುವ ತನಕ ಊದಿದೆ. ಆಗ ಎಳೆದ ಬಿಲ್ಲಿನವರು ಏನು ಮಾಡಬೇಕು ಅನ್ನೋದು ಮುಖ್ಯ. ಬಾಣ ಬಿಡುವಂತಿಲ್ಲ, ಸುಮ್ನೆ ಕೈ ಬಿಡುವಂತೆಯೂ ಇಲ್ಲ. ಮೊನೆಯನ್ನು ನೆಲದ ಕಡೆ ಮಾಡಿ, ಹೆದೆಯನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟುಕೊಡಬೇಕು. ನಾಲ್ವರೂ ಹಾಗೇ ಮಾಡಿದರು. ಒಬ್ಬರ ತೋಳು ಗಡಗಡ ನಡುಗುತ್ತಿತ್ತು. ಕ್ಯಾಮೆರಾದವನು ಹತ್ತಿರ ಬಂದು, ‘ಸರ, ಎರಡ್ ನಿಮಿಷ ಬಿಲ್ಲು ಕೊಡ್ತೀರೇನ್ರಿ, ಪೋಸಿಗೆ’ ಅಂದ. ಅವನಿಗೆ ಏನು ಹೇಳಿದೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಮುಂದಿನ ವರ್ಷದಿಂದ ಎರಡೂ ಬದಿಗೆ ಕೆಂಪು ಬಟ್ಟೆ ಕಟ್ಟಿದ ಹಗ್ಗ, ಮೂಲೆಗೊಬ್ಬ ಕಾವಲು.

ನಮ್ಮ ಹುಡುಗರು ಮೊಬೈಲಿನಲ್ಲಿ ಭೂತಾನದ ಆಟ ನೋಡಿದ್ದಾರೆ. ಅಲ್ಲಿ ಬಿಲ್ಲುಗಾರಿಕೆ ರಾಷ್ಟ್ರೀಯ ಕ್ರೀಡೆ. ಸುಮಾರು 140 ಮೀಟರ್ ದೂರದ ಸಣ್ಣ ಹಲಗೆಗೆ ಹೊಡೆಯುತ್ತಾರೆ. ಗುರಿಯ ಪಕ್ಕದಲ್ಲೇ ಜನ ನಿಂತು ಕೂಗುತ್ತಾರೆ, ಬಾಣ ತಗಲಿದರೆ ಹಾಡಿ ಕುಣಿಯುತ್ತಾರೆ. ‘ಸರ, ನಾವೂ ಹಂಗ ನಿಲ್ಲೋಣೇನ್ರಿ?’ ಕುಣಿಯಿರಿ, ಆದರೆ ಗೆರೆಯ ಹಿಂದೆ ಕುಣಿಯಿರಿ ಅಂದೆ. ಚಿಕ್ಕಂದಿನಿಂದ ಅದನ್ನೇ ಮಾಡಿದವರ ಲೆಕ್ಕ ಬೇರೆ, ಭಾನುವಾರದ ಬಿಲ್ಲುಗಾರರ ಲೆಕ್ಕ ಬೇರೆ.

ಬೆಳಿಗ್ಗೆ ಸಾಲಾಗಿ ನಿಂತು ಹೊಡೆಯುವ ಸುತ್ತು. ಚಿಕ್ಕವರಿಗೆ 7 ಮೀಟರ್, ಹೊಸಬರಿಗೆ 12, ಉಳಿದವರಿಗೆ 20. ಬಾಣ ತರಲು ಹೋಗುವಾಗ ನಡೆಯಬೇಕು, ಓಡಬಾರದು. ಗುರಿಯಲ್ಲಿ ನಿಂತ ಬಾಣಗಳ ಹಿಂಬದಿ ನಮ್ಮ ಕಡೆಗೇ ಚಾಚಿರುತ್ತವೆ, ಎಡವಿದರೆ ನೇರ ಮುಖಕ್ಕೆ. ಕೀಳುವಾಗಲೂ ಹಾಗೇ. ಒಂದು ಕೈ ಗುರಿಗೆ ಒತ್ತಿ, ಇನ್ನೊಂದು ಕೈಯಲ್ಲಿ ಬಾಣವನ್ನು ಗುರಿಯ ಹತ್ತಿರವೇ ಹಿಡಿದು ನೇರ ಎಳೆಯಬೇಕು. ಹಿಂದೆ ಯಾರೂ ನಿಂತಿರಬಾರದು. ಬಿಟ್ಟ ಬಾಣಕ್ಕಿಂತ ಕಿತ್ತ ಬಾಣದಿಂದ ಪೆಟ್ಟು ತಿಂದವರು ನಮ್ಮಲ್ಲಿ ಜಾಸ್ತಿ. ನನ್ನ ಕನ್ನಡಕದ ಎಡಗಾಜು ಹಾಗೇ ಹೋಯಿತು.

ಅಂಕ ಬರೆದು ಮುಗಿಯುವ ತನಕ ಯಾರೂ ಬಾಣ ಮುಟ್ಟಬಾರದು. ಎರಡು ಬಣ್ಣದ ನಡುವಿನ ಗೆರೆಯನ್ನು ಬಾಣ ಮುಟ್ಟಿದ್ದರೆ ದೊಡ್ಡ ಅಂಕವೇ ಲೆಕ್ಕ. ‘ಮುಟ್ಟೈತಿ’, ‘ಎಲ್ಲಿ ಮುಟ್ಟೈತ್ಯೋ’ ಅನ್ನುವ ವಾದ ಒಂದು ಸಲ ಹತ್ತು ನಿಮಿಷ ನಡೆಯಿತು. ಕೆಂಪಿನ ಏಳೋ ನೀಲಿಯ ಆರೋ ಅಂತ. ವಾದಿಸುತ್ತಿದ್ದವರು ಬೀಗರು. ಕೊನೆಗೆ ನಮ್ಮ ಗಡಿಯಾರ ರಿಪೇರಿಯವರು ಜೇಬಿನಿಂದ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ತೆಗೆದು, ಮೊಣಕಾಲೂರಿ ಕೂತು, ಬಾಣವನ್ನು ಮುಟ್ಟದೆ ಒಂದು ಸುತ್ತು ನೋಡಿದರು. ಎದ್ದು ಮಂಡಿಯ ಹುಲ್ಲು ಕೊಡವಿಕೊಂಡು, ‘ಏಳು’ ಅಂದರು. ಮುಗಿಯಿತು. ಈಗ ಆ ಭೂತಗನ್ನಡಿಯೇ ನಮ್ಮ ತೀರ್ಪುಗಾರ.

ಊಟದ ನಂತರ ನಡೆದಾಡುತ್ತಾ ಹೊಡೆಯುವ ಆರು ಗುರಿ. ಬೇರೆ ಕಡೆ ಇದಕ್ಕೆ ಫೋಮಿನ ಜಿಂಕೆ, ಹಂದಿ ಇಡುತ್ತಾರೆ. ನಮ್ಮ ಕೆಲವರಿಗೆ ಪ್ರಾಣಿಯ ರೂಪಕ್ಕೆ ಬಾಣ ಬಿಡಲು ಮನಸ್ಸು ಒಪ್ಪಲಿಲ್ಲ. ಹಾಗಾಗಿ ಒಂದು ಬದನೆಕಾಯಿ, ಒಂದು ಮಡಿಕೆ, ಒಂದು ಮಿರ್ಚಿ, ಅಗಲವಾದ ಒಂದು ಖಡಕ್ ರೊಟ್ಟಿ, ಹೀಗೆ. ರಟ್ಟಿನಲ್ಲಿ ಕತ್ತರಿಸಿ ಚೀಲಗಳಿಗೆ ಅಂಟಿಸುತ್ತೇವೆ. ಮೊದಲ ಗೂಟದಿಂದ ತಗಲಿದರೆ 20. ತಪ್ಪಿದರೆ ಮುಂದಿನ ಗೂಟಕ್ಕೆ ಬಂದು ಎರಡನೇ ಬಾಣ, 16. ಅದೂ ತಪ್ಪಿದರೆ ಮೂರನೆಯದು, 12. ತಗಲಿದ ಕೂಡಲೇ ಬಿಲ್ಲು ಇಳಿಸಿ. ಫೀಲ್ಡ್ ಆರ್ಚರಿಯವರ ಪದ್ಧತಿಯನ್ನು ನಮಗೆ ತಕ್ಕಂತೆ ಸರಳ ಮಾಡಿಕೊಂಡಿದ್ದು. ತಪ್ಪಿದವನಿಗೂ ಮುಂದೆ ಹೋಗಲು ಸಿಗುತ್ತದೆ ಅನ್ನೋದು ಇದರಲ್ಲಿ ನನಗೆ ಇಷ್ಟ. ರೊಟ್ಟಿಗೆ ಎಲ್ಲರ ಬಾಣವೂ ತಗಲುತ್ತದೆ. ಮಿರ್ಚಿಗೆ ಇಲ್ಲಿಯವರೆಗೆ ಮೊದಲ ಗೂಟದಿಂದ ಹೊಡೆದವರು ಇಬ್ಬರೇ.

ಊಟ ಅಂದೆನಲ್ಲ, ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಸಂಜೆ ಗಿರ್ಮಿಟ್ಟು, ಚಹಾ. ಬಹುಮಾನಕ್ಕೆ ಕಪ್ಪಿಲ್ಲ, ಅರ್ಧ ಕಿಲೋ ಪೇಢೆ. ಗೆದ್ದವನು ಎಲ್ಲರಿಗೂ ಹಂಚಬೇಕು. ಕೈಯಲ್ಲಿ ಉಳಿಯೋದು ಖಾಲಿ ಡಬ್ಬಿ.

ಎಲ್ಲ ಮುಗಿದ ಮೇಲೆ ಎಣಿಕೆ. ಈ ವರ್ಷ ಒಳಗೆ ಹೋದದ್ದು 214 ಬಾಣ. ಮುರಿದ ಚೂರುಗಳನ್ನೂ ಜೋಡಿಸಿ ಎಣಿಸಿದರೆ 213. ಒಂದು ಇಲ್ಲ. ಹುಲ್ಲು ಕೊಯ್ದಿದ್ದರೂ ಉಳಿದ ಬುಡದಲ್ಲಿ ಬಾಣ ಕೆಲವೊಮ್ಮೆ ಹಾವಿನಂತೆ ಮಲಗಿ ನುಸುಳಿಕೊಂಡು ಹೋಗುತ್ತದೆ, ಮೇಲಿಂದ ಕಾಣೋದಿಲ್ಲ. ಎಲ್ಲರೂ ಸಾಲಾಗಿ ನಿಂತು, ಕಾಲನ್ನು ನೆಲಕ್ಕೆ ಸವರುತ್ತಾ, ಹಿಂದಿನಿಂದ ಮುಂದಕ್ಕೆ ಬಂದೆವು. ಹೊತ್ತು ಮುಳುಗಿತು. ಮೊಬೈಲ್ ಬೆಳಕಿನಲ್ಲಿ ಮತ್ತೊಂದು ಸುತ್ತು. ಸಿಗಲಿಲ್ಲ. ಮಾರನೇ ದಿನ ನಾನು ಮತ್ತು ಗಡಿಯಾರದವರು ಹೋಗಿ ಜಮಖಾನ ಬಿಚ್ಚಿ ಕೊಡವಿದೆವು. ಅಲ್ಲೂ ಇಲ್ಲ. ಹೊಸ ಹುಡುಗಿಯೊಬ್ಬಳ ಬಾಣ ಅದು, ನಂಬರ್ 6, ಹಳದಿ ಗರಿ. ಅವಳು ಮೂರು ಸಲ ಫೋನ್ ಮಾಡಿ ‘ಸಿಕ್ತೇನ್ರಿ ಅಂಕಲ್?’ ಅಂತ ಕೇಳಿದ್ದಾಳೆ.

ಕಾಕಾಗೆ ಹೇಳಲೇಬೇಕಲ್ಲ. ಹೇಳಿದೆ. ಬಯ್ಯಲಿಲ್ಲ. ಆ ಮೂಲೆಗೆ ನಾಲ್ಕು ಮುಳ್ಳಿನ ಟೊಂಗೆ ಎಳೆದು ಹಾಕಿ ಎಮ್ಮೆ ಹೋಗದಂತೆ ಮಾಡಿದ್ದಾರೆ. ‘ಸಿಗೂತನಕ ಅದು ನಿಮ್ಮ ಹೊಲ’ ಅಂದರು. ನಾಳೆ ಬೆಳಿಗ್ಗೆ ಏಳಕ್ಕೆ ಮತ್ತೆ ಹುಡುಕಲು ಹೋಗುತ್ತಿದ್ದೇವೆ. ಬರುವವರಿದ್ದರೆ ಬನ್ನಿ. ಬೂಟು ಹಾಕಿಕೊಂಡು ಬನ್ನಿ, ಮುಳ್ಳು ಬಹಳ ಇದೆ.